ಮ್ಯಾಂಚೆಸ್ಟರಿನಲ್ಲಿ ಕೆಲಸ, ಮನೆ ಮಾಡುವುದು ಯಾವ ಬರೋವಿನಲ್ಲಿ? ಅಲ್ಲಿ ಸಂಸಾರ ಮಾಡುತ್ತಿರುವವರು ಹೇಳಿ

ಮಲ್ಲಿಗೆಬಳ್ಳಿ:

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಬೆಂಗಳೂರಿನ ಕಂಪನಿಯಿಂದ ಮ್ಯಾಂಚೆಸ್ಟರಿಗೆ ವರ್ಗವಾಗಿದೆ. ಕಚೇರಿ ಪಿಕಡಿಲಿ ರೈಲು ನಿಲ್ದಾಣದ ಸಮೀಪದಲ್ಲೇ ಇದೆಯಂತೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಎರಡೂವರೆ. ನಾವು ತೀರ್ಥಹಳ್ಳಿ ಕಡೆಯವರು, ಆದ್ದರಿಂದ ದಯವಿಟ್ಟು ಮಳೆಯ ಹೆಸರಿನಲ್ಲಿ ಯಾರೂ ಹೆದರಿಸಬೇಡಿ.

ಗೊಂದಲವಿರುವುದು ಊರಿನ ಬಗ್ಗೆ. ಮನೆ ಹುಡುಕಲು ಕುಳಿತರೆ ಸ್ಟಾಕ್‌ಪೋರ್ಟ್, ಟ್ರಾಫರ್ಡ್, ಟೇಮ್‌ಸೈಡ್, ರಾಚ್‌ಡೇಲ್ ಎಂಬ ಹೆಸರುಗಳು ಬರುತ್ತವೆ. ಎಲ್ಲವೂ ‘ಮೆಟ್ರೊಪಾಲಿಟನ್ ಬರೋ’ಗಳಂತೆ. ಇವರ ಸಹೋದ್ಯೋಗಿಯೊಬ್ಬರು ‘ಟ್ರಾಫರ್ಡ್ ಬಿಟ್ಟು ಬೇರೆ ಕಡೆ ನೋಡಲೇಬೇಡಿ’ ಎನ್ನುತ್ತಾರೆ. ಇನ್ನೊಬ್ಬರು ‘ಉತ್ತರಕ್ಕೆ ಹೋಗಿ, ಬಾಡಿಗೆ ಉಳಿಯುತ್ತದೆ’ ಎನ್ನುತ್ತಾರೆ. ಇವು ಒಂದೇ ನಗರದ ಬಡಾವಣೆಗಳೋ ಅಥವಾ ಬೇರೆ ಬೇರೆ ಊರುಗಳೋ? ಪ್ರವಾಸಿ ಮಾಹಿತಿ ಬೇಡ. ಅಲ್ಲಿ ಒಲೆ ಹಚ್ಚಿ, ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವವರ ಮಾತು ಬೇಕು.

ಮರ್ಸಿದಂಡೆ:

ಮೇಡಂ, ಬಡಾವಣೆಗಳೂ ಅಲ್ಲ, ಪೂರ್ತಿ ಬೇರೆ ಊರುಗಳೂ ಅಲ್ಲ. ನಾನು ಸ್ಟಾಕ್‌ಪೋರ್ಟ್‌ನಲ್ಲಿದ್ದೇನೆ. ಬೆಂಗಳೂರಿನವರು ಕೇಳಿದರೆ ಮ್ಯಾಂಚೆಸ್ಟರ್ ಎನ್ನುತ್ತೇನೆ. ಪಕ್ಕದ ಮನೆಯ ಅಜ್ಜಿಯ ಎದುರು ಹಾಗೆಂದರೆ ಅವರಿಗೆ ಸಿಟ್ಟು ಬರುತ್ತದೆ, ಏಕೆಂದರೆ ಅವರು ಇಂದಿಗೂ ಪತ್ರದ ವಿಳಾಸದಲ್ಲಿ ಹಳೆಯ ಕೌಂಟಿಯಾದ ಚೆಷೈರ್ ಹೆಸರನ್ನೇ ಬರೆಯುತ್ತಾರೆ.

ಹಿನ್ನೆಲೆ ಇಷ್ಟು. 1972ರ ಸ್ಥಳೀಯಾಡಳಿತ ಕಾಯ್ದೆ ಜಾರಿಗೆ ಬಂದದ್ದು 1974ರ ಏಪ್ರಿಲ್ 1ರಂದು. ಅಂದು ಇಂಗ್ಲೆಂಡಿನ ದೊಡ್ಡ ಕೈಗಾರಿಕಾ ಪ್ರದೇಶಗಳನ್ನು ಆರು ಮೆಟ್ರೊಪಾಲಿಟನ್ ಕೌಂಟಿಗಳಾಗಿ ಮಾಡಿ, ಒಳಗೆ 36 ಜಿಲ್ಲೆಗಳನ್ನು ರಚಿಸಿದರು. ಗ್ರೇಟರ್ ಮ್ಯಾಂಚೆಸ್ಟರಿನ ಪಾಲಿಗೆ ಬಂದದ್ದು ಹತ್ತು. ಅವುಗಳಲ್ಲಿ ಮ್ಯಾಂಚೆಸ್ಟರ್ ಮತ್ತು ಸಾಲ್ಫರ್ಡ್ ‘ಸಿಟಿ’ಗಳು, ಉಳಿದ ಎಂಟು ಬರೋಗಳು, ಆದರೆ ಮಾತಿನಲ್ಲಿ ಹತ್ತನ್ನೂ ಬರೋ ಎಂದೇ ಎನ್ನುತ್ತೇವೆ. 1986ರಲ್ಲಿ ಮೇಲಿನ ಕೌಂಟಿ ಕೌನ್ಸಿಲ್‌ಗಳನ್ನೇ ರದ್ದು ಮಾಡಿದ್ದರಿಂದ ಶಾಲಾ ಪ್ರವೇಶ, ಕಸ, ರಸ್ತೆ, ಗ್ರಂಥಾಲಯ, ವೃದ್ಧರ ಆರೈಕೆ, ಮನೆ ಕಟ್ಟುವ ಅನುಮತಿ ಎಲ್ಲವೂ ಬರೋ ಕೌನ್ಸಿಲ್ ಕೈಗೆ ಬಂದವು. ಬಸ್ಸು, ಟ್ರಾಮು ಮತ್ತು ಪೊಲೀಸ್ ವ್ಯವಸ್ಥೆಗಳು ಮಾತ್ರ ಹತ್ತು ಬರೋಗಳಿಗೂ ಸಾಮಾನ್ಯ. ಅವು ಈಗ 2017ರಿಂದ ಚುನಾಯಿತರಾಗುತ್ತಿರುವ ಗ್ರೇಟರ್ ಮ್ಯಾಂಚೆಸ್ಟರ್ ಮೇಯರ್ ಕಡೆಗಿವೆ.

ಇದನ್ನೇಕೆ ಇಷ್ಟು ವಿವರಿಸಿದೆ ಎಂದರೆ, ನೀವು ಬದುಕುವುದು ಮ್ಯಾಂಚೆಸ್ಟರಿನಲ್ಲಿ ಅಲ್ಲ, ಒಂದು ಕೌನ್ಸಿಲ್‌ನ ಗಡಿಯೊಳಗೆ. ಆ ಗಡಿ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಕಡೆಯ ಎ6 ರಸ್ತೆಯಲ್ಲಿ ಲೆವೆನ್‌ಷುಲ್ಮ್ ದಾಟಿ ಹೀಟನ್ ಚಾಪೆಲ್‌ಗೆ ಬರುವಷ್ಟರಲ್ಲಿ ನೀವು ಮ್ಯಾಂಚೆಸ್ಟರ್ ಬಿಟ್ಟು ಸ್ಟಾಕ್‌ಪೋರ್ಟ್‌ಗೆ ಬಂದಿರುತ್ತೀರಿ. ಅಂಗಡಿ ಸಾಲು ಹಾಗೆಯೇ ಮುಂದುವರಿದಿರುತ್ತದೆ. ಆದರೆ ತೆರಿಗೆ ಬೇರೆ, ಶಾಲೆಯ ಅರ್ಜಿ ಬೇರೆ, ಕಸದ ಡಬ್ಬಿಯ ಬಣ್ಣ ಬೇರೆ.

ಡಬ್ಬಿಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ, ಇಲ್ಲಿ ಅದು ಗಂಭೀರ ವಿಷಯ. ನಮ್ಮಲ್ಲಿ ಕಪ್ಪು ಡಬ್ಬಿ ಉಳಿಕೆ ಕಸಕ್ಕೆ, ನೀಲಿ ಕಾಗದಕ್ಕೆ, ಕಂದು ಗಾಜು, ಡಬ್ಬ ಮತ್ತು ಪ್ಲಾಸ್ಟಿಕ್ಕಿಗೆ, ಹಸಿರು ಅಡುಗೆಮನೆ ಮತ್ತು ತೋಟದ ಕಸಕ್ಕೆ. ಟ್ರಾಫರ್ಡ್‌ನಲ್ಲಿ ಕಪ್ಪು ಡಬ್ಬಿಗೆ ಹಾಕಬೇಕಾದದ್ದು ಗಾಜು ಮತ್ತು ಪ್ಲಾಸ್ಟಿಕ್, ಉಳಿಕೆ ಕಸಕ್ಕೆ ಬೂದು ಬಣ್ಣದ್ದು. ಹತ್ತು ಕೌನ್ಸಿಲ್‌ಗಳು ಅರ್ಧ ಶತಮಾನದಲ್ಲಿ ಒಂದು ಬಣ್ಣವನ್ನು ಒಪ್ಪಿಕೊಳ್ಳಲಾಗಲಿಲ್ಲ ಎಂದರೆ ಇವರ ಸ್ವಾಭಿಮಾನ ಎಂಥದ್ದು ಎಂದು ನೀವೇ ಊಹಿಸಿ. ತಪ್ಪು ಡಬ್ಬಿಗೆ ಹಾಕಿದರೆ ಲಾರಿಯವರು ಅದನ್ನು ಮುಟ್ಟುವುದಿಲ್ಲ. ಬೀದಿಯ ಎಲ್ಲ ಡಬ್ಬಿಗಳು ಖಾಲಿಯಾಗಿ ನಿಮ್ಮದೊಂದು ತುಂಬಿ ನಿಂತಿರುತ್ತದೆ.

ಊರು ಹೇಗಿದೆ ಎಂದರೆ, ಇಳಿಜಾರು ಬಹಳ. ಗಾಯ್ಟ್ ಮತ್ತು ಟೇಮ್ ನದಿಗಳು ಸೇರಿ ಮರ್ಸಿ ನದಿಯಾಗುವುದು ಸ್ಟಾಕ್‌ಪೋರ್ಟ್ ಪೇಟೆಯ ನಡುವೆಯೇ. ಅದರ ಮೇಲೆ ಸುಮಾರು 1.1 ಕೋಟಿ ಇಟ್ಟಿಗೆಗಳ ರೈಲು ಸೇತುವೆ ಇದೆ, 1840ರಲ್ಲಿ ಮುಗಿದದ್ದು. ಇಂದಿಗೂ ಲಂಡನ್ ರೈಲುಗಳು ಅದರ ಮೇಲೆಯೇ ಓಡುತ್ತವೆ. ಸ್ಟಾಕ್‌ಪೋರ್ಟ್‌ನಿಂದ ಪಿಕಡಿಲಿಗೆ ರೈಲಿನಲ್ಲಿ ಹತ್ತು ನಿಮಿಷ. ನಿಮ್ಮವರ ಕಚೇರಿ ಅಲ್ಲೇ ಇದ್ದರೆ ಇದಕ್ಕಿಂತ ಬೇರೆ ವಾದ ಬೇಕಿಲ್ಲ.

ಲೆಕ್ಕದಮೇಷ್ಟ್ರು:

ಮರ್ಸಿದಂಡೆಯವರು ಚೆನ್ನಾಗಿ ಬರೆದಿದ್ದಾರೆ, ಆದರೆ ಮುಖ್ಯವಾದದ್ದನ್ನು ಬಿಟ್ಟಿದ್ದಾರೆ. ಮಗಳಿಗೆ ಒಂಬತ್ತು ಎಂದಿದ್ದೀರಿ. ಹಾಗಾದರೆ ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗ ಶಾಲೆಯೇ.

ಗ್ರೇಟರ್ ಮ್ಯಾಂಚೆಸ್ಟರಿನ ಹತ್ತು ಕೌನ್ಸಿಲ್‌ಗಳ ಪೈಕಿ ಸರ್ಕಾರಿ ಗ್ರಾಮರ್ ಶಾಲೆಗಳನ್ನು ಉಳಿಸಿಕೊಂಡಿರುವುದು ಟ್ರಾಫರ್ಡ್ ಒಂದೇ. ಆಲ್ಟ್ರಿಂಚಮ್, ಸೇಲ್, ಸ್ಟ್ರೆಟ್‌ಫರ್ಡ್, ಉರ್ಮ್‌ಸ್ಟನ್ ಎಲ್ಲ ಸೇರಿ ಏಳು ಶಾಲೆಗಳಿವೆ. ಶುಲ್ಕವಿಲ್ಲ, ಆದರೆ ಪ್ರವೇಶ ಪರೀಕ್ಷೆ ಇದೆ. ಮಗು ಆರನೇ ವರ್ಷದ ತರಗತಿಗೆ ಕಾಲಿಟ್ಟ ಸೆಪ್ಟೆಂಬರಿನಲ್ಲೇ ಪರೀಕ್ಷೆ ನಡೆಯುತ್ತದೆ, ಅಂದರೆ ಹತ್ತನೆಯ ವಯಸ್ಸಿನಲ್ಲಿ. ನೋಂದಣಿ ಅದಕ್ಕೂ ಮೊದಲೇ ಮುಗಿದಿರುತ್ತದೆ. ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಲದು, ಶಾಲೆಯ ಸುತ್ತಲಿನ ನಿಗದಿತ ಪ್ರದೇಶದಲ್ಲಿ ವಾಸವಾಗಿರುವವರಿಗೆ ಸಾಮಾನ್ಯವಾಗಿ ಆದ್ಯತೆ. ಒಟ್ಟಾರೆ ಪ್ರೌಢಶಾಲೆಯ ಅರ್ಜಿಗೆ ಅಕ್ಟೋಬರ್ 31 ಕೊನೆಯ ದಿನ, ಸೀಟು ತಿಳಿಯುವುದು ಮಾರ್ಚ್ 1ರಂದು. ಅರ್ಜಿ ಹಾಕುವುದು ಶಾಲೆ ಇರುವ ಕೌನ್ಸಿಲ್‌ಗೆ ಅಲ್ಲ, ನಿಮ್ಮ ಮನೆ ಇರುವ ಕೌನ್ಸಿಲ್‌ಗೆ.

ನಾನು ಸೇಲ್‌ನಲ್ಲಿದ್ದೇನೆ. ಟ್ರಾಮು 1992ರಿಂದಲೂ ಇದೆ. ಮಕ್ಕಳು ತಾವೇ ನಡೆದು ಶಾಲೆಗೆ ಹೋಗುತ್ತಾರೆ, ನೆರೆಹೊರೆಯಲ್ಲಿ ಕನ್ನಡ, ತೆಲುಗು, ತಮಿಳು ಎಲ್ಲವೂ ಕೇಳಿಸುತ್ತದೆ. ಬಾಡಿಗೆ ಹೆಚ್ಚು, ಮನೆ ಬೆಲೆ ಇನ್ನೂ ಹೆಚ್ಚು. ಮನೆ ಕೊಳ್ಳುವಾಗ ಪತ್ರದಲ್ಲಿ 999 ವರ್ಷದ ಲೀಸ್ ಎಂದು ಕಂಡರೆ ಗಾಬರಿಯಾಗಬೇಡಿ, ಈ ಭಾಗದಲ್ಲಿ ಅದು ಮಾಮೂಲು. ವರ್ಷಕ್ಕೆ ಕೆಲವೇ ಪೌಂಡ್ ನೆಲಬಾಡಿಗೆ ಇರುತ್ತದೆ. ಆದರೆ ಆ ಮೊತ್ತ ಏರುವ ಷರತ್ತು ಇದೆಯೇ ಎಂದು ವಕೀಲರಿಂದ ಓದಿಸಿಕೊಳ್ಳಿ.

ಇನ್ನೊಂದು ಮಾತು, ಶಾಲೆಗೂ ಇದಕ್ಕೂ ಸಂಬಂಧವಿಲ್ಲ. ಅನಿಲ್ ಕುಂಬ್ಳೆ ಮೊದಲ ಟೆಸ್ಟ್ ಆಡಿದ್ದು 1990ರ ಆಗಸ್ಟ್‌ನಲ್ಲಿ ನಮ್ಮ ಬರೋವಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ. ಅದೇ ಪಂದ್ಯದಲ್ಲಿ ತೆಂಡೂಲ್ಕರ್ ತಮ್ಮ ಮೊದಲ ಟೆಸ್ಟ್ ಶತಕ ಬಾರಿಸಿದರು. ಸ್ಟಾಕ್‌ಪೋರ್ಟಿನವರಿಗೆ ಹೇಳಿಕೊಳ್ಳಲು ಇಟ್ಟಿಗೆ ಸೇತುವೆ ಇದೆ, ಇರಲಿ.

ಮರ್ಸಿದಂಡೆ:

ಮೇಷ್ಟ್ರೇ, ಕುಂಬ್ಳೆಯವರ ವಿಷಯದಲ್ಲಿ ಸೋಲೊಪ್ಪಿಕೊಂಡೆ. ಗ್ರಾಮರ್ ಶಾಲೆಯ ವಿಷಯದಲ್ಲಿ ಇಲ್ಲ.

ಆ ಪರೀಕ್ಷೆಗಾಗಿ ಎಂಟು ವರ್ಷದ ಮಕ್ಕಳನ್ನು ಶನಿವಾರ, ಭಾನುವಾರ ಟ್ಯೂಷನ್ನಿಗೆ ಕೂರಿಸುವ ಭಾರತೀಯ ತಂದೆತಾಯಿಯರನ್ನು ನೋಡಿ ಸಾಕಾಗಿದೆ. ಬೆಂಗಳೂರಿನ ಓಟದಿಂದ ತಪ್ಪಿಸಿಕೊಳ್ಳಲು ಬಂದವರು ಇಲ್ಲಿ ಅದನ್ನೇ ಹುಡುಕಿಕೊಂಡು ಹೋಗಿ, ದುಬಾರಿ ಬಾಡಿಗೆ ಕೊಟ್ಟು ಸೇರಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಗುವಿಗೆ ಹತ್ತನೇ ವಯಸ್ಸಿಗೇ ‘ನಾನು ದಡ್ಡ’ ಎಂದು ಅನ್ನಿಸಿಬಿಡುತ್ತದೆ. ಸ್ಟಾಕ್‌ಪೋರ್ಟ್‌ನ ಸರ್ಕಾರಿ ಪ್ರೌಢಶಾಲೆಗಳಿಗೆ ಪ್ರವೇಶ ಪರೀಕ್ಷೆ ಇಲ್ಲ. ಎಲ್ಲ ಬಗೆಯ ಮಕ್ಕಳೂ ಒಂದೇ ಕಟ್ಟಡದಲ್ಲಿ ಕಲಿಯುತ್ತಾರೆ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಓದಿದ್ದಾರೆ, ಚೆನ್ನಾಗಿಯೇ ಇದ್ದಾರೆ.

ಲೆಕ್ಕದಮೇಷ್ಟ್ರು:

ಚೆನ್ನಾಗಿರುವ ಶಾಲೆಯ ಪಕ್ಕ ನಿಮಗೆ ಮನೆ ಸಿಕ್ಕಿತು. ಸ್ಟಾಕ್‌ಪೋರ್ಟ್‌ನಲ್ಲೂ ಬ್ರಾಮ್‌ಹಾಲ್, ಚೀಡಲ್ ಹ್ಯೂಮ್ ಕಡೆ ಶಾಲೆಯ ಹೆಸರಿನಲ್ಲೇ ಮನೆ ಬೆಲೆ ಏರುವುದಿಲ್ಲವೇ? ನಮ್ಮಲ್ಲಿ ಮಗು ಪರೀಕ್ಷೆ ಬರೆಯುತ್ತದೆ. ನಿಮ್ಮಲ್ಲಿ ಅಪ್ಪನ ಬ್ಯಾಂಕ್ ಖಾತೆ ಬರೆಯುತ್ತದೆ.

ರಾತ್ರಿಪಾಳಿ:

ಇಬ್ಬರೂ ದಕ್ಷಿಣದವರು. ಹತ್ತು ಬರೋಗಳಲ್ಲಿ ಎರಡೇ ಇವೆ ಎಂಬಂತೆ ಜಗಳವಾಡುತ್ತಿದ್ದೀರಿ.

ನಾನು ದಾದಿ, ಹಾಸನದವಳು, ರಾಚ್‌ಡೇಲ್‌ನಲ್ಲಿದ್ದೇನೆ. ನೀವು ಎರಡು ಕೋಣೆಗೆ ಕೊಡುವ ಬಾಡಿಗೆಗೆ ಇಲ್ಲಿ ಮೂರು ಕೋಣೆಯ, ಹಿತ್ತಲಿರುವ ಕಲ್ಲಿನ ಮನೆ ಸಿಗುತ್ತದೆ. ಕಲ್ಲಿನ ಹಳೆಯ ಮನೆ ಎಂದರೆ ತೇವ ಇದ್ದೇ ಇರುತ್ತದೆ. ನೋಡಲು ಹೋದಾಗ ಬೀರುವಿನ ಹಿಂಭಾಗ ಮತ್ತು ಕಿಟಕಿಯ ಮೂಲೆಗಳನ್ನು ನೋಡಿ, ಹೊಸ ಬಣ್ಣದ ವಾಸನೆ ಬಂದರೆ ಏಕೆ ಬಳಿದಿದ್ದಾರೆ ಎಂದು ಕೇಳಿ. ನನ್ನ ಮೊದಲ ಮನೆಯ ಮಾಲೀಕರು ಬೂಷ್ಟಿನ ಮೇಲೆಯೇ ಬಣ್ಣ ಹೊಡೆಸಿದ್ದರು. ಡಿಸೆಂಬರಿನ ಹೊತ್ತಿಗೆ ಗೋಡೆ ಮತ್ತೆ ಕಪ್ಪಾಯಿತು. ಮುಂಗಡವಾಗಿ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳಿದರೆ ಕೊಡಬೇಡಿ. ಮಾಮೂಲು ಬಾಡಿಗೆಯ ಮನೆಗೆ 2019ರ ಕಾನೂನಿನ ಪ್ರಕಾರ ಅದೇ ಮಿತಿ.

ಓಡಾಟ: ರಾಚ್‌ಡೇಲ್‌ನಿಂದ ಮ್ಯಾಂಚೆಸ್ಟರಿಗೆ ರೈಲೂ ಇದೆ, ಟ್ರಾಮೂ ಇದೆ. ಟ್ರಾಮು ಓಲ್ಡಮ್ ಸುತ್ತಿಕೊಂಡು ಬರುವುದರಿಂದ ಬಹಳ ನಿಧಾನ, ಕೂತಲ್ಲೇ ನಿದ್ದೆ ಬರುತ್ತದೆ. ರೈಲು ವೇಗ, ಆದರೆ ಇಳಿಸುವುದು ವಿಕ್ಟೋರಿಯಾ ನಿಲ್ದಾಣದಲ್ಲಿ. ಅಲ್ಲಿಂದ ಪಿಕಡಿಲಿ ನಗರದ ಇನ್ನೊಂದು ತುದಿ. ಬಸ್ಸುಗಳೆಲ್ಲ ಈಗ ಹಳದಿ. 2023ರ ಸೆಪ್ಟೆಂಬರಿನಿಂದ 2025ರ ಜನವರಿಯೊಳಗೆ ಹಂತ ಹಂತವಾಗಿ ಖಾಸಗಿಯವರಿಂದ ಮಾರ್ಗ ಮತ್ತು ದರದ ಹಿಡಿತವನ್ನು ವಾಪಸ್ ಪಡೆದರು. 2025ರಲ್ಲಿ ದೇಶದ ಉಳಿದ ಕಡೆ ಮಿತಿಯನ್ನು ಮೂರು ಪೌಂಡಿಗೆ ಏರಿಸಿದಾಗಲೂ ಇಲ್ಲಿ ಟಿಕೆಟ್ಟು ಎರಡೇ ಪೌಂಡ್ ಇತ್ತು. ಆ ಟಿಕೆಟ್ಟಿನಲ್ಲಿ ಒಂದು ಗಂಟೆಯೊಳಗೆ ಎಷ್ಟು ಬಸ್ ಬೇಕಾದರೂ ಬದಲಿಸಬಹುದು. ರಾತ್ರಿ ಪಾಳಿಯವರಿಗೆ ಇದು ಸಣ್ಣ ವಿಷಯವಲ್ಲ.

ಉಳಿಕೆ ಕಸವನ್ನು ಮೂರು ವಾರಕ್ಕೊಮ್ಮೆ ಒಯ್ಯುತ್ತಾರೆ. ಎರಡೂವರೆ ವರ್ಷದ ಮಗುವಿನ ಡೈಪರುಗಳ ಲೆಕ್ಕ ನೀವೇ ಹಾಕಿ.

ಸುರಕ್ಷತೆಯ ಬಗ್ಗೆ ಯಾರೂ ಬರೆಯಲಿಲ್ಲ, ನಾನೇ ಬರೆಯುತ್ತೇನೆ. 2024ರ ಜುಲೈ ಕೊನೆಗೆ ಸೌತ್‌ಪೋರ್ಟ್‌ನಲ್ಲಿ ಮಕ್ಕಳ ಹತ್ಯೆಯಾದ ಬಳಿಕ ಸುಳ್ಳು ಸುದ್ದಿ ಹಬ್ಬಿ, ಹಲವು ಊರುಗಳಲ್ಲಿ ವಲಸಿಗರ ವಿರುದ್ಧ ಗಲಭೆ ನಡೆಯಿತು. ರಾದರಮ್‌ನಲ್ಲಿ ಆಶ್ರಯ ಕೋರಿ ಬಂದವರಿದ್ದ ಹೋಟೆಲಿಗೆ ಬೆಂಕಿ ಹಚ್ಚಲು ಹೋದರು. ಆ ವಾರ ನಾವು ದಾದಿಯರು ಗುಂಪಾಗಿಯೇ ಬಸ್ ಹತ್ತಿದೆವು, ಸಹೋದ್ಯೋಗಿಗಳು ಕಾರಿನಲ್ಲಿ ಮನೆಗೆ ಬಿಟ್ಟರು. ಉಳಿದಂತೆ ನನಗೆ ಕೆಟ್ಟ ಅನುಭವಗಳು ಬೆರಳೆಣಿಕೆಯಷ್ಟೇ, ಅವೂ ಕುಡಿದವರಿಂದ ಬಂದ ಮಾತುಗಳು. ಹೆದರಿಸಲು ಹೇಳುತ್ತಿಲ್ಲ, ಗೊತ್ತಿದ್ದು ಬರಲಿ ಎಂದು ಹೇಳುತ್ತಿದ್ದೇನೆ.

ಊರಿನ ಹೆಮ್ಮೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 1844ರ ಡಿಸೆಂಬರಿನಲ್ಲಿ ಇಲ್ಲಿನ ಟೋಡ್ ಲೇನಿನಲ್ಲಿ ನೇಕಾರರು ಮತ್ತಿತರ ಕೆಲಸಗಾರರು ಸೇರಿ ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್, ಮೇಣದಬತ್ತಿ ಮಾರುವ ಅಂಗಡಿ ತೆರೆದರು. ಕಲಬೆರಕೆ ಮಾಡಬಾರದು, ಲಾಭ ಕೊಂಡವರಿಗೇ ಹಂಚಬೇಕು ಎಂಬ ನಿಯಮಗಳೊಂದಿಗೆ. ಸಹಕಾರ ಚಳವಳಿ ಜಗತ್ತಿಗೆ ಹರಡಿದ್ದು ಆ ಅಂಗಡಿಯ ಮಾದರಿಯಿಂದ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವೂ ಅದೇ ವಂಶದ್ದು. ಆ ಅಂಗಡಿ ಈಗ ಪುಟ್ಟ ವಸ್ತುಸಂಗ್ರಹಾಲಯ. ಊರಿನಿಂದ ಬಂದ ಪ್ರತಿಯೊಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ, ಅವರಿಗೆ ಇಷ್ಟವಿರಲಿ ಬಿಡಲಿ.

ಮಲ್ಲಿಗೆಬಳ್ಳಿ:

ಎಲ್ಲರಿಗೂ ಧನ್ಯವಾದ. ರಾತ್ರಿಪಾಳಿ ಅಕ್ಕ, ನೀವು ಮುಚ್ಚುಮರೆಯಿಲ್ಲದೆ ಬರೆದದ್ದು ಒಳ್ಳೆಯದಾಯಿತು. ಇನ್ನೆರಡು ಪ್ರಶ್ನೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಅಲ್ಲಿಯೂ ಮಾಡಬೇಕೆಂದಿದ್ದೇನೆ. ಅಲ್ಲಿ ಚಿಕ್ಕ ಮಕ್ಕಳಿಗೆ ವಾರಕ್ಕೆ 30 ಗಂಟೆ ಶಿಶುವಿಹಾರ ಉಚಿತ ಎಂದು ಓದಿದೆ, ನಿಜವೇ? ಮತ್ತು ಕೌನ್ಸಿಲ್ ತೆರಿಗೆ ಬಾಡಿಗೆಯೊಳಗೇ ಸೇರಿರುತ್ತದೆಯೇ?

ಜಮಾಖರ್ಚು:

ಎರಡಕ್ಕೂ ಉತ್ತರ ‘ಇಲ್ಲ’ ಎಂದಿಟ್ಟುಕೊಂಡೇ ಬಜೆಟ್ ಹಾಕಿ.

30 ಗಂಟೆಯ ಯೋಜನೆ ಇರುವುದು ನಿಜ. 2025ರ ಸೆಪ್ಟೆಂಬರಿನಿಂದ ಒಂಬತ್ತು ತಿಂಗಳ ಮಕ್ಕಳಿಗೂ ಅದು ವಿಸ್ತರಣೆಯಾಗಿದೆ. ಆದರೆ ತಂದೆತಾಯಿ ಇಬ್ಬರ ವೀಸಾದಲ್ಲೂ ಸರ್ಕಾರಿ ನಿಧಿಗೆ ಹಕ್ಕಿಲ್ಲ ಎಂಬ ಷರತ್ತು ಇದ್ದರೆ ಅದು ಸಿಗುವುದಿಲ್ಲ. ಕೆಲಸದ ವೀಸಾದಲ್ಲಿ ಬರುವ ಬಹುತೇಕರಿಗೆ ಆ ಷರತ್ತು ಇರುತ್ತದೆ. ನಿಮ್ಮ ಮಗನಿಗೆ ಸಿಗುವುದು ಮೂರು ವರ್ಷ ತುಂಬಿದ ನಂತರದ ಅವಧಿಯಿಂದ, ಎಲ್ಲ ಮಕ್ಕಳಿಗೂ ಇರುವ 15 ಗಂಟೆ, ಅದೂ ಶಾಲಾ ವಾರಗಳಲ್ಲಿ ಮಾತ್ರ. ಉಳಿದದ್ದು ಕೈಯಿಂದ. ಎಷ್ಟೋ ಮನೆಗಳಲ್ಲಿ ಶಿಶುವಿಹಾರದ ಬಿಲ್ಲು ಬಾಡಿಗೆಯನ್ನು ಸರಿಗಟ್ಟುತ್ತದೆ, ನಿಮ್ಮ ಸಂಬಳ ಎಷ್ಟು ಬರಬಹುದು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಾಲ್ಕು ತುಂಬಿದ ಮುಂದಿನ ಸೆಪ್ಟೆಂಬರಿಗೆ ರಿಸೆಪ್ಷನ್ ತರಗತಿ ಆರಂಭ, ಆಗ ನಿರಾಳ. ರಿಸೆಪ್ಷನ್ ಮತ್ತು ಮೊದಲೆರಡು ತರಗತಿಗಳಿಗೆ ಮಧ್ಯಾಹ್ನದ ಊಟ ಉಚಿತ, ಸಸ್ಯಾಹಾರವೂ ಇರುತ್ತದೆ. ಬೇಯಿಸಿದ ಬೀನ್ಸ್ ಮತ್ತು ಆಲೂಗಡ್ಡೆಗೆ ಮಗನನ್ನು ಈಗಿನಿಂದಲೇ ಒಗ್ಗಿಸಿ.

ಕೌನ್ಸಿಲ್ ತೆರಿಗೆಯನ್ನು ಬಾಡಿಗೆಯ ಮೇಲೆ ಬೇರೆಯಾಗಿ, ವಾಸಿಸುವವರೇ ಕಟ್ಟಬೇಕು. ಮನೆಗಳಿಗೆ ಎ ಇಂದ ಎಚ್‌ವರೆಗೆ ದರ್ಜೆಗಳಿವೆ. ದರ್ಜೆ ನಿರ್ಧಾರವಾಗುವುದು 1991ರ ಏಪ್ರಿಲ್‌ನಲ್ಲಿ ಆ ಮನೆ ಎಷ್ಟು ಬೆಲೆ ಬಾಳುತ್ತಿತ್ತು ಎಂಬುದರ ಮೇಲೆ. ಹೌದು, 1991. ಮರುಮೌಲ್ಯಮಾಪನ ಮಾಡುವ ಧೈರ್ಯ ಯಾವ ಸರ್ಕಾರಕ್ಕೂ ಬಂದಿಲ್ಲ. ಎ ದರ್ಜೆಯವರು ಡಿ ದರ್ಜೆಯವರ ಮೂರನೇ ಎರಡರಷ್ಟು ಕಟ್ಟುತ್ತಾರೆ, ಎಚ್ ದರ್ಜೆಯವರು ಎರಡರಷ್ಟು. ಡಿ ದರ್ಜೆಗೆ ಈ ಭಾಗದಲ್ಲಿ ವರ್ಷಕ್ಕೆ ಎರಡು ಸಾವಿರ ಪೌಂಡಿನ ಮೇಲಾಗುತ್ತದೆ. ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ ಹತ್ತು ಕಂತು, ಕೇಳಿದರೆ ಹನ್ನೆರಡು ಮಾಡಿಕೊಡುತ್ತಾರೆ. ನಿಮ್ಮ ಯಜಮಾನರು ಮೊದಲು ಒಬ್ಬರೇ ಬಂದಿದ್ದರೆ ಆ ತಿಂಗಳುಗಳಿಗೆ ಶೇ. 25 ರಿಯಾಯಿತಿ ಇದೆ. ಅದು ಸರ್ಕಾರಿ ನೆರವಿನ ಲೆಕ್ಕಕ್ಕೆ ಬರುವುದಿಲ್ಲ, ಧೈರ್ಯವಾಗಿ ಕೇಳಬಹುದು.

ಟ್ರಾಫರ್ಡ್ ತೆರಿಗೆ ಅಗ್ಗ ಎಂದು ಯಾರಾದರೂ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ. ಸಾಮಾನ್ಯವಾಗಿ ಶೇ. 5ರ ಒಳಗಿನ ಏರಿಕೆಗೆ ಮಾತ್ರ ಅವಕಾಶ. ಅದನ್ನು ದಾಟಲು ಜನಮತ ಅಥವಾ ಸರ್ಕಾರದ ಅನುಮತಿ ಬೇಕು. 2025ರಲ್ಲಿ ವಿಶೇಷ ಅನುಮತಿ ಪಡೆದು ಶೇ. 7.49 ಏರಿಸಿದ ಕೌನ್ಸಿಲ್‌ಗಳಲ್ಲಿ ಟ್ರಾಫರ್ಡ್ ಕೂಡ ಒಂದು. ಬ್ರಾಡ್‌ಫರ್ಡ್‌ನವರು ಶೇ. 9.99 ಏರಿಸಿದರು. ಇಷ್ಟು ಕೊಟ್ಟರೂ ರಸ್ತೆ ಗುಂಡಿ ಏಕೆ ಮುಚ್ಚುವುದಿಲ್ಲ ಎಂದು ಕೇಳುತ್ತೀರಿ. ಹಣದ ದೊಡ್ಡ ಪಾಲು ವೃದ್ಧರ, ಅಂಗವಿಕಲರ ಮತ್ತು ಮನೆಯವರ ಆಸರೆ ಇಲ್ಲದ ಮಕ್ಕಳ ಆರೈಕೆಗೆ ಹೋಗುತ್ತದೆ, ಅದು ಕಾನೂನಿನ ಕಡ್ಡಾಯ. ಮಿಕ್ಕಿದ್ದರಲ್ಲಿ ಗ್ರಂಥಾಲಯ, ಉದ್ಯಾನ, ಗುಂಡಿ.

ಕೊನೆಯದಾಗಿ, ಬಹಳ ಜನ ನಂಬುವುದಿಲ್ಲ. ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡೇ ನೀವು ಇಲ್ಲಿ ಮತ ಹಾಕಬಹುದು. ಕಾಮನ್‌ವೆಲ್ತ್ ಪ್ರಜೆಗಳಿಗೆ, ಇಲ್ಲಿ ವಾಸಿಸುವ ಅನುಮತಿ ಇದ್ದರೆ, ಕೌನ್ಸಿಲ್ ಚುನಾವಣೆಯಲ್ಲೂ ಸಂಸತ್ ಚುನಾವಣೆಯಲ್ಲೂ ಹಕ್ಕಿದೆ. ಮತಗಟ್ಟೆಯಲ್ಲಿ ಗುರುತಿಗೆ ಅದೇ ಪಾಸ್‌ಪೋರ್ಟ್ ನಡೆಯುತ್ತದೆ. ಹೆಚ್ಚಿನ ಬರೋಗಳಲ್ಲಿ ಒಂದು ವಾರ್ಡಿಗೆ ಮೂವರು ಸದಸ್ಯರು, ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಮೇ ತಿಂಗಳಿನಲ್ಲಿ ಒಬ್ಬೊಬ್ಬರ ಆಯ್ಕೆ. ಬಂದ ಕೂಡಲೇ ಮತದಾರರ ಪಟ್ಟಿಗೆ ಸೇರಿ. ಸಾಲದ ಅರ್ಹತೆಗೂ ಬ್ಯಾಂಕಿನವರು ಆ ಪಟ್ಟಿಯನ್ನೇ ನೋಡುತ್ತಾರೆ.

ಗಿರಣಿಗುಮಾಸ್ತ:

ನಾನು ದಾವಣಗೆರೆಯವನು, ನಿವೃತ್ತ. ಮಗ ಸ್ಟಾಕ್‌ಪೋರ್ಟ್ ಬರೋವಿನ ರೆಡ್ಡಿಷ್ ಎಂಬಲ್ಲಿ ಇದ್ದಾನೆ. ಸಂದರ್ಶಕ ವೀಸಾದಲ್ಲಿ ಒಮ್ಮೆಗೆ ಆರು ತಿಂಗಳು ಇರಬಹುದು, ಬೇಸಿಗೆ ಹಿಡಿದು ಹೋಗಿದ್ದೆ. ಮಕ್ಕಳ ಮನೆಗೆ ಹೋಗುವ ನಮ್ಮಂಥವರ ದೃಷ್ಟಿಯಿಂದಲೂ ಎರಡು ಮಾತು ಇರಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ನಾನು ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆದವನು. ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮಗನ ಮನೆಯಿಂದ ನಡೆದರೆ ಹೌಲ್ಡ್ಸ್‌ವರ್ತ್ ಗಿರಣಿ ಸಿಗುತ್ತದೆ, 1865ರದು, ಅರಮನೆಯಷ್ಟು ದೊಡ್ಡದು. ನೂಲುವುದು ನಿಂತು ದಶಕಗಳಾಗಿವೆ. ಈಗ ಒಳಗೆ ವಾಸದ ಮನೆಗಳೂ ಕಚೇರಿಗಳೂ ಇವೆ. ಸುತ್ತ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳು, ಚರ್ಚು, ಶಾಲೆ, ಕ್ಲಬ್ಬು ಹಾಗೆಯೇ ನಿಂತಿವೆ. ಅಲ್ಲಿ ನಿಂತು ಮೊದಲು ಬಂದದ್ದು ಹೊಟ್ಟೆಕಿಚ್ಚು. ನಮ್ಮಲ್ಲಿ ಗಿರಣಿ ಮುಚ್ಚಿದರೆ ಉಳಿಯುವುದು ವ್ಯಾಜ್ಯ ಮತ್ತು ನಿವೇಶನ. ಇವರು ಕಟ್ಟಡವನ್ನು ಉಳಿಸಿಕೊಂಡಿದ್ದಾರೆ.

ಆದರೆ ಕೆಲಸ ಇಲ್ಲಿಯೂ ಹೋಯಿತು. ಮಗನ ನೆರೆಯವರೊಬ್ಬರ ತಾಯಿ ಟೋಪಿ ಕಾರ್ಖಾನೆಯಲ್ಲಿದ್ದರಂತೆ. ಸ್ಟಾಕ್‌ಪೋರ್ಟ್ ಟೋಪಿಗೆ ಹೆಸರಾದ ಊರು, ಫುಟ್‌ಬಾಲ್ ತಂಡವನ್ನೂ ‘ಹ್ಯಾಟರ್ಸ್’ ಎಂದೇ ಕರೆಯುತ್ತಾರೆ. ಜನ ಟೋಪಿ ಹಾಕುವುದನ್ನು ಬಿಟ್ಟರು, ಕಾರ್ಖಾನೆ ಮುಚ್ಚಿತು, ಒಂದು ಹಳೆಯ ಗಿರಣಿಯಲ್ಲಿ ಟೋಪಿಯ ವಸ್ತುಸಂಗ್ರಹಾಲಯವಾಯಿತು.

ರಾತ್ರಿಪಾಳಿಯವರು ಕಣಗಿನಹಾಳದ ಮಾತು ಎತ್ತಿದ್ದು ಸಂತೋಷ. ಹತ್ತಿಯ ನಂಟು ಅದಕ್ಕಿಂತ ಹಳೆಯದು, ಅಷ್ಟು ಸಂತೋಷದ್ದೂ ಅಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಅರಳೆ ನಿಂತಾಗ ಈ ಊರುಗಳ ಗಿರಣಿಗಳು ಬಾಗಿಲು ಹಾಕಿ ಕಾರ್ಮಿಕರು ಹಸಿವಿಗೆ ಬಿದ್ದರು. ಮ್ಯಾಂಚೆಸ್ಟರ್ ವರ್ತಕರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅಮೆರಿಕದ ತಳಿಯನ್ನು ಅಲ್ಲಿ 1840ರ ದಶಕದಲ್ಲೇ ಬೆಳೆಸಲು ಹಚ್ಚಿದ್ದರು. ಅದನ್ನು ಕಾರವಾರದಿಂದ ಹಡಗಿಗೆ ಹಾಕಬೇಕೆಂದು ಅವರು ಹಿಡಿದ ಹಟವೂ ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋದ ಕಾರಣಗಳಲ್ಲಿ ಒಂದು. ಆ ಜಿಲ್ಲೆಯ ಗಡಿ ಎಲ್ಲಿರಬೇಕೆಂದು ಈ ಮಳೆಯ ಊರಿನವರು ಮಾತನಾಡಿದ್ದರು, ನೋಡಿ.

ಇನ್ನು ನಿತ್ಯದ ಮಾತು. ಹಗಲಿಡೀ ಮನೆಯಲ್ಲಿ ಒಬ್ಬನೇ. ಗ್ರಂಥಾಲಯ ನನ್ನನ್ನು ಉಳಿಸಿತು. ಬೆಚ್ಚಗಿರುತ್ತದೆ, ಪತ್ರಿಕೆ ಇರುತ್ತದೆ, ಏಕೆ ಕೂತಿದ್ದೀಯ ಎಂದು ಯಾರೂ ಕೇಳುವುದಿಲ್ಲ. ಬಸ್ಸಿನಲ್ಲಿ ಇಳಿಯುವವರೆಲ್ಲ ಚಾಲಕನಿಗೆ ಧನ್ಯವಾದ ಹೇಳುತ್ತಾರೆ. ನಮ್ಮ ರೆಡ್ಡಿಷ್ ಸೌತ್ ನಿಲ್ದಾಣಕ್ಕೆ ಮಾತ್ರ ವಾರಕ್ಕೆ ಒಂದು ದಿನ ರೈಲು ಬರುತ್ತದೆ. ಪೂರ್ತಿ ಮುಚ್ಚಲು ಕಾನೂನಿನ ತಾಪತ್ರಯ ಇರುವುದರಿಂದ ಶಾಸ್ತ್ರಕ್ಕೆ ಓಡಿಸುತ್ತಾರಂತೆ. ಮಲ್ಲಿಗೆಬಳ್ಳಿ ತಾಯಿ, ಮನೆ ಜಾಹೀರಾತಿನಲ್ಲಿ ‘ನಿಲ್ದಾಣಕ್ಕೆ ಹತ್ತಿರ’ ಎಂದಿದ್ದರೆ ಯಾವ ನಿಲ್ದಾಣ ಎಂದು ಕೇಳಮ್ಮ.

ಮಲ್ಲಿಗೆಬಳ್ಳಿ:

ಹಿರಿಯರೇ, ನಮಸ್ಕಾರ. ನಾನು ಗುರುತು ಹಾಕಿಟ್ಟಿದ್ದ ಮನೆಗಳಲ್ಲಿ ಒಂದು ಆ ನಿಲ್ದಾಣದ ಹತ್ತಿರದ್ದೇ! ಈಗಲೇ ತೆಗೆದುಹಾಕಿದೆ.

ಅವರೆಮೇಳ:

ತೋಟದ ಬಗ್ಗೆ ಯಾರೂ ಬರೆಯದಿರುವುದು ಅನ್ಯಾಯ. 1908ರ ಕಾಯ್ದೆಯ ಪ್ರಕಾರ ಬೇಡಿಕೆ ಇದ್ದರೆ ಕೌನ್ಸಿಲ್ ಕೃಷಿಗೆ ತುಂಡುನೆಲ ಒದಗಿಸಬೇಕು. ಪೂರ್ತಿ ತುಂಡು ಎಂದರೆ ಹತ್ತು ‘ರಾಡ್’, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಬಾಡಿಗೆ ಕಡಿಮೆ, ಕಾಯುವ ಪಟ್ಟಿ ಉದ್ದ. ಬಂದ ವಾರವೇ ಹೆಸರು ಬರೆಸಿ.

ಮೆಂತ್ಯ, ಕೊತ್ತಂಬರಿ, ಆಲೂಗಡ್ಡೆ, ಬೆಳ್ಳುಳ್ಳಿ ಧಾರಾಳವಾಗಿ ಬರುತ್ತವೆ. ಅವರೆಯ ಆಸೆ ಬಿಡಿ. ಬಳ್ಳಿ ಹುಲುಸಾಗಿ ಹಬ್ಬುತ್ತದೆ, ಹೂ ಬಿಡುವುದಿಲ್ಲ. ನಮ್ಮ ನಾಟಿ ಅವರೆಗೆ ಹಗಲು ಚಿಕ್ಕದಾದರೆ ಮಾತ್ರ ಹೂವು. ಇಲ್ಲಿ ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯಾದರೂ ಸೂರ್ಯ ಮುಳುಗಿರುವುದಿಲ್ಲ, ಹಗಲು ಚಿಕ್ಕದಾಗುವ ಹೊತ್ತಿಗೆ ಹಿಮ ಬೀಳಲು ಶುರು. ಪಕ್ಕದ ತುಂಡಿನ ಮುದುಕರು ಇಲ್ಲಿನ ಬ್ರಾಡ್ ಬೀನ್ಸ್ ಬೀಜ ಕೊಟ್ಟರು. ಅದನ್ನೇ ಸಿಪ್ಪೆ ಸುಲಿದು ಹಿತಕವರೆಯಂತೆ ಸಾರು ಮಾಡುತ್ತೇವೆ. ಸೊಗಡು ಇಲ್ಲ, ಹೊಟ್ಟೆ ತುಂಬುತ್ತದೆ. ಬಸವನಹುಳುಗಳ ಬಗ್ಗೆ ಬರೆಯಲು ಕುಳಿತರೆ ಬೈಗುಳವೇ ಬರುತ್ತದೆ, ಅದಕ್ಕೆ ಬಿಟ್ಟಿದ್ದೇನೆ.

ಮರಳಿಮೈಸೂರಿಗೆ:

ಎಲ್ಲರೂ ಸೇರಿ ಸ್ವರ್ಗ ತೋರಿಸುತ್ತಿದ್ದೀರಿ. ನಾನು ಅಂಥದೇ ಒಂದು ಬರೋವಿನಲ್ಲಿ ಇದ್ದು ವಾಪಸ್ ಬಂದವನು, ಹೆಸರು ಹೇಳುವುದಿಲ್ಲ.

ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಕತ್ತಲು. ಬೆಳಗ್ಗೆ ಎಂಟರವರೆಗೂ ಕತ್ತಲು. ಕಚೇರಿಗೆ ಹೋಗುವಾಗ, ಬರುವಾಗ ಎರಡೂ ಹೊತ್ತು ಬೀದಿ ದೀಪವೇ. ಹಲ್ಲು ನೋವಿಗೆ ಸರ್ಕಾರಿ ವ್ಯವಸ್ಥೆಯ ದಂತವೈದ್ಯರನ್ನು ಹುಡುಕಿದರೆ ಹೊಸಬರನ್ನು ಸೇರಿಸಿಕೊಳ್ಳುವವರೇ ಸಿಗಲಿಲ್ಲ, ರಜೆಯಲ್ಲಿ ಮೈಸೂರಿಗೆ ಬಂದು ಹಲ್ಲು ಕೀಳಿಸಿಕೊಂಡೆ. ವೀಸಾ ಜೊತೆಗೆ ಆರೋಗ್ಯ ಶುಲ್ಕ ಎಂದು ವರ್ಷಕ್ಕೆ ತಲಾ 1,035 ಪೌಂಡ್ ಮೊದಲೇ ಕಟ್ಟಿಸಿಕೊಳ್ಳುತ್ತಾರೆ, ಮಕ್ಕಳಿಗೆ 776. ಅದು ಸಂಬಳದಲ್ಲಿ ಹಿಡಿಯುವ ತೆರಿಗೆಯ ಮೇಲೆ. ನಾಲ್ಕು ಜನರ ಲೆಕ್ಕ ಹಾಕಿಕೊಳ್ಳಿ. ಭಾರತದ ಚಾಲನಾ ಪರವಾನಗಿ ಒಂದು ವರ್ಷ ಮಾತ್ರ ನಡೆಯುತ್ತದೆ, ಆಮೇಲೆ ಇಪ್ಪತ್ತು ವರ್ಷ ಓಡಿಸಿದವರೂ ಕಲಿಯುವವರ ಫಲಕ ಹಾಕಿಕೊಂಡು ಪರೀಕ್ಷೆ ಬರೆಯಬೇಕು.

ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ಭಾನುವಾರದ ಸಂಜೆ. ಕರೆಯದೆ ಯಾರೂ ಮನೆಗೆ ಬರುವುದಿಲ್ಲ, ಕನ್ನಡದವರೂ ಮೂರು ವಾರ ಮೊದಲೇ ದಿನಾಂಕ ಗೊತ್ತುಮಾಡುತ್ತಾರೆ. ಬ್ಯಾಂಕಿನಲ್ಲಿ ಹಣ ಕೂಡಿತು, ಮಾತನಾಡಲು ಜನ ಕೂಡಲಿಲ್ಲ.

ರಾತ್ರಿಪಾಳಿ:

ಸರ್, ನೀವು ಹೇಳಿದ ಕತ್ತಲೂ ನಿಜ, ಹಲ್ಲಿನ ವಿಷಯವೂ ನಿಜ. ಆದರೆ ಜನ ಕೂಡುವುದು ನಾವು ಹೊರಗೆ ಕಾಲಿಟ್ಟಾಗ. ಕನ್ನಡ ಬಳಗದವರ ಯುಗಾದಿ, ದೀಪಾವಳಿಗೆ ಹೋಗಬಹುದು, ಅದು ವರ್ಷಕ್ಕೆ ಎರಡು ದಿನ. ಉಳಿದ ದಿನಗಳಿಗೆ ಬೀದಿಯವರೇ ಬೇಕು. ಓಲ್ಡಮ್, ರಾಚ್‌ಡೇಲ್, ಬೋಲ್ಟನ್ ಗಿರಣಿಗಳ ರಾತ್ರಿ ಪಾಳಿಗೆಂದು ಅರವತ್ತರ ದಶಕದಲ್ಲಿ ಪಾಕಿಸ್ತಾನ, ಈಗಿನ ಬಾಂಗ್ಲಾದೇಶ, ಗುಜರಾತಿನಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿದ್ದಾರೆ. ನನ್ನ ಹೆರಿಗೆಯಾದಾಗ ಬೀದಿಯ ಪಾಕಿಸ್ತಾನಿ ಖಾಲಾ ಮನೆ ಬಾಗಿಲಿಗೆ ಊಟ ತಂದುಕೊಟ್ಟರು, ಎದುರು ಮನೆಯ ಇಂಗ್ಲಿಷ್ ಅಜ್ಜ ನನ್ನ ಕಸದ ಡಬ್ಬಿಗಳನ್ನು ತಾವೇ ಹೊರಗಿಟ್ಟರು. ಯಾರೂ ಮೂರು ವಾರ ಮೊದಲು ದಿನಾಂಕ ಕೇಳಲಿಲ್ಲ.

ಮರಳಿಮೈಸೂರಿಗೆ:

ನಿಮ್ಮ ಬೀದಿ ಒಳ್ಳೆಯದಿತ್ತು ತಾಯಿ. ನನ್ನದು ಹಾಗಿರಲಿಲ್ಲ.

ಕಾರುಕಾರ್ಖಾನೆ:

ಬೇರೆ ಕೌಂಟಿಯವನು, ಚಿಕ್ಕ ಮಾತು. ನಾನಿರುವುದು ವೆಸ್ಟ್ ಮಿಡ್‌ಲ್ಯಾಂಡ್ಸಿನ ಸೊಲಿಹಲ್ ಬರೋವಿನಲ್ಲಿ. ಟಾಟಾದವರು 2008ರಲ್ಲಿ ಕೊಂಡ ಕಾರು ಕಂಪನಿಯ ದೊಡ್ಡ ಕಾರ್ಖಾನೆ ಇಲ್ಲಿರುವುದರಿಂದ ಬೆಂಗಳೂರಿನ ಇಂಜಿನಿಯರುಗಳು ಬರುತ್ತಲೇ ಇರುತ್ತಾರೆ. ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣವೂ ಸೊಲಿಹಲ್ ಗಡಿಯೊಳಗೇ ಇದೆ. ಮೆಟ್ರೊಪಾಲಿಟನ್ ಎಂಬ ಹೆಸರಿದ್ದರೂ ಬರೋವಿನ ಬಹುಭಾಗ ಹೊಲ, ಹಸಿರು.

ಗಡಿಯ ಮಾತು ನಮಗೆ ಚೆನ್ನಾಗಿ ಅರ್ಥವಾದದ್ದು 2025ರಲ್ಲಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾರ್ಚ್‌ನಿಂದ ಕಸದವರ ಅನಿರ್ದಿಷ್ಟ ಮುಷ್ಕರ ಶುರುವಾಗಿ ಬೀದಿಗಳಲ್ಲಿ ಚೀಲಗಳ ರಾಶಿ ಬಿತ್ತು. ಗಡಿಯ ಈಚೆ ನಮ್ಮ ಡಬ್ಬಿಗಳು ಎಂದಿನಂತೆ ಖಾಲಿಯಾಗುತ್ತಿದ್ದವು. ಹಾಗೆಂದು ಬರೋವನ್ನು ನೋಡಿ ಮನೆ ಹಿಡಿಯಬೇಡಿ. ಸೊಲಿಹಲ್‌ನೊಳಗೇ ನೋಲ್‌ನಂಥ ಸಿರಿವಂತರ ಹಳ್ಳಿಯೂ ಇದೆ, ಚೆಲ್ಮ್‌ಸ್ಲಿ ವುಡ್‌ನಂಥ ಬಡ ಬಡಾವಣೆಯೂ ಇದೆ, ಕೌನ್ಸಿಲ್ ಒಂದೇ. ಬೀದಿಯನ್ನು ನೋಡಿ. ಒಂದು ಸಲ ಶಾಲೆ ಬಿಡುವ ಹೊತ್ತಿಗೆ, ಇನ್ನೊಂದು ಸಲ ಶನಿವಾರ ರಾತ್ರಿ.

ಮಲ್ಲಿಗೆಬಳ್ಳಿ:

ಮನೆಯಲ್ಲಿ ಎಲ್ಲರೂ ಕುಳಿತು ಈ ಚರ್ಚೆಯನ್ನು ಗಟ್ಟಿಯಾಗಿ ಓದಿದೆವು. ಮಗಳಿಗೆ ಕುಂಬ್ಳೆ ಯಾರೆಂದು ಅವಳ ಅಜ್ಜ ವಿವರಿಸುತ್ತಿದ್ದಾರೆ. ನಮ್ಮ ತೀರ್ಮಾನ ಹೀಗಿದೆ: ಮೊದಲು ಇವರು ಒಬ್ಬರೇ ಹೋಗುತ್ತಾರೆ, ನಾವು ಶಾಲೆಯ ಅವಧಿ ನೋಡಿಕೊಂಡು ಹೋಗುತ್ತೇವೆ. ಗ್ರಾಮರ್ ಶಾಲೆಯ ಓಟ ಬೇಡವೆಂದು ನನಗನ್ನಿಸುತ್ತದೆ, ಇವರಿಗೆ ಇನ್ನೂ ಆಸೆ ಇದೆ. ಸದ್ಯಕ್ಕೆ ಹೀಟನ್ ಚಾಪೆಲ್ ನಿಲ್ದಾಣದ ಹತ್ತಿರ ಒಂದು ಸಾಲುಮನೆ ನೋಡಿದ್ದೇವೆ. ಆ ನಿಲ್ದಾಣಕ್ಕೆ ದಿನವೂ ರೈಲು ಬರುತ್ತದೆ ತಾನೇ?

ಮರ್ಸಿದಂಡೆ:

ಬರುತ್ತದೆ ಮೇಡಂ, ಪಿಕಡಿಲಿಗೆ ಹತ್ತು ನಿಮಿಷದ ಆಸುಪಾಸು. ಮುಂಗಡ ಕೊಡುವ ಮೊದಲು ಮನೆಯ ಪಿನ್‌ಕೋಡ್ ಹಾಕಿ ಸರ್ಕಾರದ ಜಾಲತಾಣದಲ್ಲಿ ಎರಡು ವಿಷಯ ನೋಡಿ: ಕೌನ್ಸಿಲ್ ಯಾವುದು, ತೆರಿಗೆ ದರ್ಜೆ ಯಾವುದು. ಆ ಭಾಗದಲ್ಲಿ ಕೆಲವು ಏಜೆಂಟರು ಲೆವೆನ್‌ಷುಲ್ಮ್‌ನ ಮನೆಯನ್ನೂ ಹೀಟನ್ ಚಾಪೆಲ್ ಎಂದು ಜಾಹೀರಾತು ಕೊಡುತ್ತಾರೆ. ಲೆವೆನ್‌ಷುಲ್ಮ್ ಕೆಟ್ಟದ್ದೇನಲ್ಲ, ಆದರೆ ಆಗ ನೀವು ಶಾಲೆಗೆ ಅರ್ಜಿ ಹಾಕಬೇಕಾದದ್ದು ಮ್ಯಾಂಚೆಸ್ಟರ್ ಸಿಟಿ ಕೌನ್ಸಿಲ್‌ಗೆ. ವರ್ಷದ ಮಧ್ಯದಲ್ಲಿ ಬಂದರೆ ಹತ್ತಿರದ ಶಾಲೆಯ ನಾಲ್ಕನೇ, ಐದನೇ ತರಗತಿಯಲ್ಲಿ ಜಾಗ ಇರುತ್ತದೆಂದು ಹೇಳಲಾಗದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಕೌನ್ಸಿಲ್‌ನ ಪ್ರವೇಶ ವಿಭಾಗಕ್ಕೆ ಮಿಂಚಂಚೆ ಕಳುಹಿಸಿ, ಯಾವ ಶಾಲೆಯಲ್ಲಿ ಜಾಗ ಇದೆಯೆಂದು ಕೇಳಿ.

ಲೆಕ್ಕದಮೇಷ್ಟ್ರು:

ಮತ್ತು ಪರೀಕ್ಷೆಯ ನೋಂದಣಿಯನ್ನೂ ಮಾಡಿಸಿ. ಬರೆಯುವುದು, ಬಿಡುವುದು ಆಮೇಲಿನ ಮಾತು.

ಮರ್ಸಿದಂಡೆ:

ಮೇಷ್ಟ್ರು ಬಿಡುವವರಲ್ಲ.